ಸಮಕಾಲೀನ ಚೀನಾ ಅಧ್ಯಯನ: ಪಠ್ಯ, ಪಾಠಾಂತರ ಮತ್ತು ಕನ್ನಡ ಪರಿಭಾಷೆ

1. ಪ್ರಸ್ತಾವನೆ

ಕನ್ನಡನಾಡನ್ನು ಕುರಿತು ಚೀನೀಯರು ಬರೆದುದನ್ನು ನಾವು ಬಹುಕಾಲದಿಂದ ಓದುತ್ತ ಬಂದಿದ್ದೇವೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಏಳನೆಯ ಶತಮಾನದಲ್ಲಿ ಕಂಡ ಯಾತ್ರಿಕ ಹ್ಯೂಯೆನ್ ತ್ಸಾಂಗನ ವರ್ಣನೆಯು ನಮ್ಮ ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದಿದೆ. ಆದರೆ ಚೀನೀಯರು ಇಂದು ತಮ್ಮನ್ನು ಕುರಿತು ತಾವೇ ಬರೆದುಕೊಳ್ಳುತ್ತಿರುವುದನ್ನು ಓದುವ ಅಭ್ಯಾಸ ಕನ್ನಡದಲ್ಲಿ ಅಷ್ಟಾಗಿ ಬೆಳೆದಿಲ್ಲ. ಹ್ಯೂಯೆನ್ ತ್ಸಾಂಗನನ್ನು ಸಹ ನಾವು ಬೀಲ್, ವಾಟರ್ಸ್ ಮೊದಲಾದವರ ಇಂಗ್ಲಿಷ್ ಅನುವಾದಗಳ ಮೂಲಕವೇ ಅರಿತವರು ಎಂಬುದನ್ನು ಇಲ್ಲಿ ನೆನೆಯಬೇಕು.

ಭಾರತದಲ್ಲಿ ಚೀನಾ ಅಧ್ಯಯನಕ್ಕೆ ದೀರ್ಘವಾದ ಪರಂಪರೆಯೇ ಇದೆ. ಶಾಂತಿನಿಕೇತನದಲ್ಲಿ 1937ರಲ್ಲಿ ಚೀನಾ ಭವನ ಸ್ಥಾಪಿತವಾಯಿತು. 1962ರ ಯುದ್ಧದ ತರುವಾಯ, 1964ರಲ್ಲಿ, ದೆಹಲಿ ವಿಶ್ವವಿದ್ಯಾಲಯವು ಈ ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆಯಿತು. ‘ಚೈನಾ ರಿಪೋರ್ಟ್’ ಎಂಬ ವಿದ್ವತ್ ಪತ್ರಿಕೆ ಆರಂಭವಾದುದೂ ಅದೇ ವರ್ಷ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಚೀನಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದ ಜಿ. ಪಿ. ದೇಶಪಾಂಡೆಯವರು ಮರಾಠಿಯ ಪ್ರಮುಖ ನಾಟಕಕಾರರೂ ಆಗಿದ್ದರು. ಬೆಂಗಳೂರಿನಲ್ಲಿ 2009ರಲ್ಲಿ ಆರಂಭವಾದ ತಕ್ಷಶಿಲಾ ಸಂಸ್ಥೆಯ ಮನೋಜ್ ಕೇವಲರಮಾನಿಯವರು ಚೀನಾದ ಪಕ್ಷಪತ್ರಿಕೆಯನ್ನು ದಿನದಿನವೂ ಓದಿ ವಿವರಿಸುವ ಕೆಲಸವನ್ನು ಕೈಗೊಂಡರು. ಈ ಎಲ್ಲ ಪರಿಶ್ರಮದ ಫಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರು ಇಂಗ್ಲಿಷನ್ನೇ ಮೂಲವೆಂದು ಭಾವಿಸಬೇಕಾದ ಸ್ಥಿತಿಯಿದೆ.

ಪ್ರಸ್ತುತ ಲೇಖನದ ಉದ್ದೇಶ ಸೀಮಿತವಾದುದು. ಚೀನಾದ ಸಮಕಾಲೀನ ರಾಜಕೀಯ ಬರಹಗಳನ್ನು ಓದಲು ನಮ್ಮ ಗ್ರಂಥಸಂಪಾದನಶಾಸ್ತ್ರದ ಶಿಸ್ತು ಒದಗಿಬರುತ್ತದೆ ಎಂಬುದನ್ನೂ, ಅಲ್ಲಿನ ಕೆಲವು ಮುಖ್ಯ ಪದಗಳಿಗೆ ಕನ್ನಡದಲ್ಲಿ ನಾವು ಬಳಸುತ್ತಿರುವ ಪರ್ಯಾಯಗಳು ಎಷ್ಟರಮಟ್ಟಿಗೆ ಸಮರ್ಪಕವೆಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ. ಚೀನೀ ಪದಗಳನ್ನು ಉಚ್ಚಾರಣೆಗೆ ಸಮೀಪವಾಗುವಂತೆ ಬರೆದಿದ್ದೇವೆ. ರೂಢಿಯಲ್ಲಿರುವ ವ್ಯಕ್ತಿನಾಮಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

2. ಆಕರಗಳ ಶ್ರೇಣಿ ಮತ್ತು ಅಂಕಿತ

ಗ್ರಂಥಸಂಪಾದಕನು ಮೊದಲು ಮಾಡುವ ಕೆಲಸ ಪ್ರತಿಗಳ ಪ್ರಾಮಾಣ್ಯವನ್ನು ನಿರ್ಣಯಿಸುವುದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಅಭ್ಯಾಸ ಮಾಡಿದ ಯಾರೂ ಕೈಗೆ ಸಿಕ್ಕಿದ ಪ್ರತಿಯನ್ನೇ ಮೂಲಪಾಠವೆಂದು ಸ್ವೀಕರಿಸಲಾರರು. ಚೀನಾದ ಪತ್ರಿಕೆಗಳ ವಿಷಯದಲ್ಲಿ ಮಾತ್ರ ಈ ಎಚ್ಚರವನ್ನು ನಾವು ಕೈಬಿಡುತ್ತೇವೆ. 2017ರ ದೋಕ್ಲಾಂ ಬಿಕ್ಕಟ್ಟಿನ ಸಂದರ್ಭದಲ್ಲಿ ‘ಗ್ಲೋಬಲ್ ಟೈಮ್ಸ್’ ಪತ್ರಿಕೆಯ ಮಾತುಗಳನ್ನು ಭಾರತದ ಮಾಧ್ಯಮಗಳು ಚೀನಾ ಸರ್ಕಾರದ ಅಧಿಕೃತ ವಾಣಿಯೆಂಬಂತೆ ಪದೇಪದೇ ಉದ್ಧರಿಸಿದುದು ಇದಕ್ಕೆ ನಿದರ್ಶನ. 1993ರಲ್ಲಿ ಹುಟ್ಟಿ, 2009ರಿಂದ ಇಂಗ್ಲಿಷಿನಲ್ಲಿಯೂ ಹೊರಬರುತ್ತಿರುವ ಈ ಪತ್ರಿಕೆಯು ‘ಪೀಪಲ್ಸ್ ಡೈಲಿ’ಯ ಆಶ್ರಯದಲ್ಲಿದ್ದರೂ ಮಾರುಕಟ್ಟೆಯ ಓದುಗರನ್ನು ಉದ್ದೇಶಿಸಿದ್ದು. ಅದರ ಧ್ವನಿ ಹಲವು ಸಲ ಸರ್ಕಾರದ ಧ್ವನಿಗಿಂತ ಏರಿರುತ್ತದೆ. 1948ರಲ್ಲಿ ಸ್ಥಾಪಿತವಾದ ‘ಪೀಪಲ್ಸ್ ಡೈಲಿ’ಯಾದರೋ ಪಕ್ಷದ ಕೇಂದ್ರ ಸಮಿತಿಯ ಮುಖಪತ್ರ. ಅದರೊಳಗೂ ಸಂಪಾದಕೀಯ, ವ್ಯಾಖ್ಯಾನ, ಸಹಿಯುಳ್ಳ ಲೇಖನ ಎಂಬ ತರತಮವಿದೆ.

ಈ ಸಹಿಗಳು ವಚನಸಾಹಿತ್ಯದ ಅಭ್ಯಾಸಿಗಳಿಗೆ ಕುತೂಹಲಕರವಾಗಿವೆ. ವಿದೇಶಾಂಗ ವಿಷಯಗಳ ಮೇಲಿನ ಲೇಖನಗಳಿಗೆ ‘ಚುಂಗ್ ಶಂಗ್’ ಎಂಬ ಹೆಸರಿರುತ್ತದೆ. ಕಿವಿಗೆ ಅದು ಗಂಟೆಯ ನಾದ. ಶ್ಲೇಷೆಯಿಂದ ಚೀನಾದ ಧ್ವನಿ. ‘ರನ್ ಚುಂಗ್‌ಫಿಂಗ್’ ಎಂಬುದು ನೋಡಲು ವ್ಯಕ್ತಿಯ ಹೆಸರಿನಂತಿದ್ದರೂ ಪೀಪಲ್ಸ್ ಡೈಲಿಯ ಮಹತ್ವದ ವ್ಯಾಖ್ಯಾನ ಎಂಬುದರ ಸಂಕ್ಷೇಪ. ವಚನದ ಅಂಕಿತವು ವಚನಕಾರನ ಇಷ್ಟದೈವವನ್ನು ಸೂಚಿಸುತ್ತ, ಅದರ ಮೂಲಕ ಕರ್ತೃವನ್ನು ಗುರುತಿಸಲು ನೆರವಾಗುತ್ತದೆ. ಇಲ್ಲಿನ ಅಂಕಿತವಾದರೋ ಕರ್ತೃವನ್ನು ಮರೆಮಾಡಿ ಸಂಸ್ಥೆಯನ್ನು ಮುಂದಿಡುತ್ತದೆ. ಆದುದರಿಂದ ಯಾವ ಅಂಕಿತದ ಲೇಖನವನ್ನು ಉದ್ಧರಿಸುತ್ತಿದ್ದೇವೆ ಎಂಬುದನ್ನು ಸಂಶೋಧಕರು ತಪ್ಪದೆ ದಾಖಲಿಸಬೇಕು.

ಇಂತಹ ಓದಿಗೆ ಒಂದು ಆದರ್ಶವೂ ಉಂಟು. ಹಂಗರಿ ಮೂಲದ ಜೆಸುಯಿಟ್ ಪಾದ್ರಿ ಲಾಸ್ಲೋ ಲಾದಾನಿಯವರು ಹಾಂಗ್‌ಕಾಂಗಿನಲ್ಲಿದ್ದುಕೊಂಡು 1953ರಿಂದ 1982ರವರೆಗೆ ‘ಚೈನಾ ನ್ಯೂಸ್ ಅನಾಲಿಸಿಸ್’ ಎಂಬ ಪತ್ರವನ್ನು ನಡೆಸಿದರು. ಅವರ ಮುಖ್ಯ ಆಕರಗಳು ಚೀನಾದ ಪತ್ರಿಕೆಗಳು ಮತ್ತು ಆಕಾಶವಾಣಿ ಪ್ರಸಾರಗಳು. ಎಲ್ಲರಿಗೂ ದೊರಕುವ ಸಾಮಗ್ರಿಯಿಂದಲೇ, ಸಾಲುಸಾಲನ್ನು ಹೋಲಿಸಿ, ಅವರು ತಮ್ಮ ನಿರ್ಣಯಗಳನ್ನು ತಲುಪಿದರು.

3. ಸೂತ್ರ ಮತ್ತು ಪಾಠಾಂತರ

ಚೀನಾದ ರಾಜಕೀಯ ಭಾಷೆಯ ಘಟಕ ‘ಥಿಫಾ’, ಎಂದರೆ ನಿಯತವಾದ ಸೂತ್ರವಾಕ್ಯ. ಸ್ವೀಡನ್ನಿನ ವಿದ್ವಾಂಸ ಮೈಕೆಲ್ ಷೋಯನ್‌ಹಾಲ್ಸ್ ಅವರು 1992ರ ತಮ್ಮ ಗ್ರಂಥದಲ್ಲಿ ಇದನ್ನು ವಿಶದವಾಗಿ ವಿವೇಚಿಸಿದ್ದಾರೆ. ಒಂದು ಸೂತ್ರ ಬದಲಾಯಿತೆಂದರೆ ನೀತಿ ಬದಲಾಗುತ್ತಿದೆಯೆಂದು ಅಲ್ಲಿನ ಅಧಿಕಾರಿವರ್ಗ ಅರ್ಥಮಾಡಿಕೊಳ್ಳುತ್ತದೆ. ಸಮಾಜದ ‘ಪ್ರಧಾನ ವೈರುಧ್ಯ’ವನ್ನು 1981ರಲ್ಲಿ ಪಕ್ಷವು ಜನರ ಭೌತಿಕ, ಸಾಂಸ್ಕೃತಿಕ ಅಗತ್ಯಗಳಿಗೂ ಹಿಂದುಳಿದ ಉತ್ಪಾದನೆಗೂ ನಡುವಿನದೆಂದು ನಿರೂಪಿಸಿತ್ತು. 2017ರ ಹತ್ತೊಂಬತ್ತನೆಯ ಮಹಾಧಿವೇಶನದಲ್ಲಿ ಅದು ಉತ್ತಮ ಜೀವನದ ಅಗತ್ಯಕ್ಕೂ ಅಸಮತೋಲಿತ, ಅಪರಿಪೂರ್ಣ ಅಭಿವೃದ್ಧಿಗೂ ನಡುವಿನದಾಯಿತು. ಅನ್ಯರಿಗೆ ಒಣ ವಾಕ್ಯದಂತೆ ಕಾಣುವ ಈ ಬದಲಾವಣೆಯು, ಉತ್ಪಾದನೆಯ ಹೆಚ್ಚಳವೊಂದೇ ಇನ್ನು ಸಾಲದೆಂಬ ಸೂಚನೆಯನ್ನು ಒಳಗೊಂಡಿತ್ತು.

ಒಂದೇ ಅಕ್ಷರದ ಪಾಠಾಂತರಕ್ಕೂ ಉದಾಹರಣೆಯಿದೆ. ಚೀನಾ ಸಂವಿಧಾನದ ಪ್ರಸ್ತಾವನೆಯಲ್ಲಿದ್ದ ‘ಫಾಚಿ’ ಎಂಬ ಪದವನ್ನು 2018ರ ಮಾರ್ಚ್ ತಿದ್ದುಪಡಿಯಲ್ಲಿ ಅದೇ ಉಚ್ಚಾರಣೆಯ ಇನ್ನೊಂದು ‘ಫಾಚಿ’ಯಾಗಿ ಮಾರ್ಪಡಿಸಲಾಯಿತು. ಎರಡನೆಯ ಅಕ್ಷರ ಮಾತ್ರ ಬೇರೆ. ಮೊದಲಿನದಕ್ಕೆ ಕಾನೂನು ವ್ಯವಸ್ಥೆ ಎಂದೂ, ಎರಡನೆಯದಕ್ಕೆ ಕಾನೂನಿನಿಂದ ಆಳುವುದು ಎಂದೂ ಅರ್ಥ. ಇಂಗ್ಲಿಷಿನ ಪರ್ಯಾಯವನ್ನು ಅನುಸರಿಸಿ ಇದನ್ನು ‘ಕಾನೂನಿನ ಆಳ್ವಿಕೆ’ ಎಂದರೆ, ಸರ್ಕಾರವೂ ನ್ಯಾಯಾಲಯಕ್ಕೆ ಬಾಧ್ಯವೆಂಬ ನಮ್ಮ ಸಂವಿಧಾನದ ಕಲ್ಪನೆ ಓದುಗನ ಮನಸ್ಸಿಗೆ ಬರುತ್ತದೆ. ಆದರೆ ಅದೇ ತಿದ್ದುಪಡಿಯು ಪಕ್ಷದ ನಾಯಕತ್ವವನ್ನು ಸಂವಿಧಾನದ ಮೊದಲನೆಯ ವಿಧಿಯಲ್ಲಿಯೇ ಸೇರಿಸಿತು. ಆದುದರಿಂದ ಇಲ್ಲಿ ‘ಕಾನೂನಾಡಳಿತ’ ಎಂಬ ಪದವು ಹೆಚ್ಚು ಯುಕ್ತವೆಂದು ನಮ್ಮ ಅಭಿಪ್ರಾಯ.

ಪಕ್ಷವು ತನ್ನ ಚರಿತ್ರೆಯನ್ನು ಕುರಿತು 1945, 1981 ಮತ್ತು 2021ರಲ್ಲಿ ಅಂಗೀಕರಿಸಿದ ಮೂರು ನಿರ್ಣಯಗಳನ್ನೂ ಹೀಗೆಯೇ ಹೋಲಿಸಿ ಓದಬೇಕು. ಶೂನ್ಯಸಂಪಾದನೆಯ ಪರಿಷ್ಕರಣಗಳು ಒಂದೇ ವಸ್ತುವನ್ನು ಮತ್ತೆಮತ್ತೆ ಹೊಸದಾಗಿ ಅಣಿಗೊಳಿಸಿದುದನ್ನು ಬಲ್ಲವರಿಗೆ ಈ ವಿಧಾನ ಅಪರಿಚಿತವಲ್ಲ. ಉದ್ದೇಶಗಳು ಬೇರೆ ಎಂಬುದನ್ನು ಮರೆಯಬಾರದು. 1981ರ ನಿರ್ಣಯವು ಸಾಂಸ್ಕೃತಿಕ ಕ್ರಾಂತಿಯನ್ನೂ ಮಾವೋ ಅವರ ತಪ್ಪುಗಳನ್ನೂ ವಿಸ್ತಾರವಾಗಿ ವಿಮರ್ಶಿಸಿತು. 2021ರದು ಆ ತೀರ್ಮಾನವನ್ನು ಅಲ್ಲಗಳೆಯದೆ ಸಂಕ್ಷೇಪಿಸಿ, ತನ್ನ ಬಹುಭಾಗವನ್ನು 2012ರ ಅನಂತರದ ಕಾಲಕ್ಕೆ ಮೀಸಲಿರಿಸಿತು. ಯಾವುದಕ್ಕೆ ಎಷ್ಟು ಪುಟವೆಂಬುದೂ ಇಲ್ಲಿ ಅರ್ಥಪೂರ್ಣ.

4. ಕೆಲವು ಪದಗಳು

ಅಧ್ಯಕ್ಷ: ಷಿ ಜಿನ್‌ಪಿಂಗ್ ಅವರು ಮೂರು ಸ್ಥಾನಗಳನ್ನು ಹೊಂದಿದ್ದಾರೆ. ಪಕ್ಷದ ಪ್ರಧಾನ ಕಾರ್ಯದರ್ಶಿ ಮತ್ತು ಕೇಂದ್ರ ಮಿಲಿಟರಿ ಆಯೋಗದ ಅಧ್ಯಕ್ಷ ಸ್ಥಾನಗಳು 2012ರ ನವೆಂಬರಿನಲ್ಲಿ ಬಂದವು. ಗಣರಾಜ್ಯದ ‘ಚುಶಿ’ ಸ್ಥಾನ 2013ರ ಮಾರ್ಚಿನಲ್ಲಿ. 1954ರ ಸಂವಿಧಾನ ಸೃಷ್ಟಿಸಿದ ಈ ಸ್ಥಾನವನ್ನು ಇಂಗ್ಲಿಷಿನಲ್ಲಿ ‘ಚೇರ್ಮನ್’ ಎನ್ನುತ್ತಿದ್ದರು. 1975ರಲ್ಲಿ ರದ್ದಾದ ಅದು 1982ರಲ್ಲಿ ಮರಳಿದಾಗ ಇಂಗ್ಲಿಷಿನಲ್ಲಿ ‘ಪ್ರೆಸಿಡೆಂಟ್’ ಆಯಿತು. ಚೀನೀ ಪದ ಬದಲಾಗಲಿಲ್ಲ. ಹಿಂದಿ ಪತ್ರಿಕೆಗಳು ಇದನ್ನು ‘ರಾಷ್ಟ್ರಪತಿ’ ಎನ್ನುತ್ತವೆ. ಕನ್ನಡವೂ, ಹೈದರಾಬಾದಿನ ತೆಲುಗು ಪತ್ರಿಕೆಗಳೂ ‘ಅಧ್ಯಕ್ಷ’ ಎಂಬ ಪದವನ್ನೇ ಬಳಸುತ್ತವೆ. ಸಭೆಗೂ ಸಮಿತಿಗೂ ಸಲ್ಲುವ ಈ ಪದವು ‘ಚುಶಿ’ಗೆ ಇಂಗ್ಲಿಷಿಗಿಂತ ಹತ್ತಿರವಾದುದು. ಅಮೆರಿಕದ ‘ಪ್ರೆಸಿಡೆಂಟ’ರಿಗೂ ನಾವು ಅದೇ ಪದವನ್ನು ಬಳಸುವುದರಿಂದ ಇದು ಆಕಸ್ಮಿಕ ಲಾಭ ಮಾತ್ರ. 2018ರಲ್ಲಿ ತೆಗೆದುಹಾಕಿದ ಎರಡು ಅವಧಿಗಳ ಮಿತಿಯು ಈ ಸ್ಥಾನಕ್ಕೆ ಸಂಬಂಧಿಸಿದುದು. ಅಧಿಕಾರದ ನಿಜವಾದ ನೆಲೆಯಾದ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಅವಧಿಗಳ ಸಂಖ್ಯೆಯ ಮಿತಿ ಆಗಲೂ ಇರಲಿಲ್ಲ. ಮೂರು ಸ್ಥಾನಗಳನ್ನೂ ಬೇರ್ಪಡಿಸಿ ಹೇಳದಿದ್ದರೆ ಈ ಸೂಕ್ಷ್ಮ ಕಾಣದು.

ಪ್ರಚಾರ: ‘ಶ್ವೆನ್‌ಛ್ವಾನ್’ ಎಂಬ ಪದಕ್ಕೆ ಚೀನಿಯಲ್ಲಿ ನಿಂದಾರ್ಥವಿಲ್ಲ. ಪಕ್ಷದ ಈ ವಿಭಾಗದ ಇಂಗ್ಲಿಷ್ ಹೆಸರನ್ನು 1990ರ ದಶಕದ ಕೊನೆಯಲ್ಲಿ ‘ಪ್ರೊಪಗಾಂಡ’ದಿಂದ ‘ಪಬ್ಲಿಸಿಟಿ’ಗೆ ಬದಲಿಸಲಾಯಿತು, ಮೂಲದ ಹೆಸರು ಹಾಗೆಯೇ ಉಳಿಯಿತು. ಚುನಾವಣಾ ಪ್ರಚಾರ, ಧರ್ಮಪ್ರಚಾರ ಎನ್ನುವ ಕನ್ನಡಕ್ಕೆ ಈ ತೊಡಕೇ ಇಲ್ಲ. ‘ಪ್ರಚಾರ ವಿಭಾಗ’ ಎಂದರೆ ಸಾಕು. ‘ಅಪಪ್ರಚಾರ’, ‘ಸುಳ್ಳುಪ್ರಚಾರ’ ಎಂಬ ತೀರ್ಪನ್ನು ಅನುವಾದದಲ್ಲಿಯೇ ಸೇರಿಸಬೇಕಾಗಿಲ್ಲ.

ಜನಾಂಗ: ಚೀನಾ ಅಧಿಕೃತವಾಗಿ 56 ‘ಮಿನ್‌ತ್ಸು’ಗಳನ್ನು ಗುರುತಿಸುತ್ತದೆ. ಇಡೀ ಚೀನೀ ರಾಷ್ಟ್ರಕ್ಕೂ ‘ಚುಂಗ್‌ಹ್ವಾ ಮಿನ್‌ತ್ಸು’ ಎಂದೇ ಹೆಸರು. ಭಾಗಕ್ಕೂ ಸಮಸ್ತಕ್ಕೂ ಒಂದೇ ಪದವಿರುವುದರಲ್ಲಿಯೇ ಟಿಬೆಟ್ ಮತ್ತು ಶಿನ್‌ಜಿಯಾಂಗ್‌ಗಳ ಕುರಿತ ವಿವಾದದ ಒಂದು ಎಳೆಯಿದೆ. ಇಂಗ್ಲಿಷಿನಲ್ಲಿ ಮೊದಲು ‘ನ್ಯಾಷನಾಲಿಟಿ’ ಎಂದಿದ್ದುದನ್ನು ಕ್ರಮೇಣ ‘ಎತ್ನಿಕ್’ ಎಂದು ತಿದ್ದಲಾಯಿತು. ಬೀಜಿಂಗಿನ ಒಂದು ವಿಶ್ವವಿದ್ಯಾಲಯವು 2008ರಲ್ಲಿ ಅನುವಾದವನ್ನೇ ಕೈಬಿಟ್ಟು ಮೂಲಪದವನ್ನೇ ತನ್ನ ಇಂಗ್ಲಿಷ್ ಹೆಸರಿನಲ್ಲಿ ಇರಿಸಿಕೊಂಡಿತು. ಕನ್ನಡದಲ್ಲಿ ‘ಬುಡಕಟ್ಟು’ ಸರ್ವಥಾ ಸಲ್ಲದು. ‘ಜನಾಂಗ’ ಸಮೀಪವಾದರೂ ಸಮಸ್ತವನ್ನು ಸೂಚಿಸಲಾರದು. ಮೂಲಪದವನ್ನೇ ಇಟ್ಟು ವಿವರಿಸುವುದು ಲೇಸು.

ಹುಖೌ: 1958ರ ನಿಯಮಗಳಿಂದ ರೂಢವಾದ ಈ ಕುಟುಂಬ ನೋಂದಣಿಯನ್ನು ನಮ್ಮ ಪಡಿತರ ಚೀಟಿಗೆ ಹೋಲಿಸುವುದುಂಟು. ಹೋಲಿಕೆ ಅಪೂರ್ಣ. ಶಾಲೆ, ಆಸ್ಪತ್ರೆ ಮೊದಲಾದ ಸೌಲಭ್ಯಗಳು ನೋಂದಣಿಯ ಊರಿಗೆ ಕಟ್ಟುಬಿದ್ದುದರಿಂದ, ನಗರಕ್ಕೆ ದುಡಿಯಲು ಬಂದ ಹಳ್ಳಿಗ ಅಲ್ಲಿ ಎರಡನೆಯ ದರ್ಜೆಯ ನಿವಾಸಿಯಾದ. ಕೃಷಿಕ, ಕೃಷಿಕೇತರ ಎಂಬ ಭೇದವನ್ನು ತೆಗೆದುಹಾಕುವ ನಿರ್ಧಾರ ಪ್ರಕಟವಾದುದು 2014ರಲ್ಲಿ.

5. ಹೆಸರುಗಳ ಲಿಪ್ಯಂತರ

ಚೀನೀ ಭಾಷೆಯಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳ ಭೇದ ಮುಖ್ಯ. 1958ರಲ್ಲಿ ಅಂಗೀಕೃತವಾಗಿ 1979ರಿಂದ ವಿದೇಶಿ ಭಾಷೆಯ ಪ್ರಕಟಣೆಗಳಲ್ಲಿ ಬಳಕೆಗೆ ಬಂದ ‘ಫಿನ್‌ಯಿನ್’ ರೋಮನ್ ಲಿಪ್ಯಂತರವು ಅಲ್ಪಪ್ರಾಣಕ್ಕೆ ನಮ್ಮ ಬ, ದ, ಗಗಳಿಗೆ ಹೊಂದುವ ಅಕ್ಷರಗಳನ್ನು ಬಳಸುತ್ತದೆ. ಅದನ್ನು ಇಂಗ್ಲಿಷಿನಂತೆ ಓದಿ ‘ಮಾವೋ ಝೆಡಾಂಗ್’ ಎಂದು ಬರೆಯುವುದಕ್ಕಿಂತ ಹಿಂದಿನ ‘ಮಾವೋ ತ್ಸೆ ತುಂಗ್’ ರೂಪವೇ ಉಚ್ಚಾರಣೆಗೆ ಹತ್ತಿರವಾಗಿತ್ತು. ಚ-ಛ, ತ-ಥ, ಪ-ಫಗಳುಳ್ಳ ಕನ್ನಡ ಲಿಪಿಯು ಈ ಕೆಲಸಕ್ಕೆ ರೋಮನ್ ಲಿಪಿಗಿಂತ ಸಮರ್ಥವಾದುದು. ರೂಢಿಯನ್ನು ಒಮ್ಮೆಗೇ ಬದಲಿಸುವುದು ಅಸಾಧ್ಯ. ಆದರೂ ಸಂಶೋಧನ ಪ್ರಬಂಧಗಳಲ್ಲಿ ಒಂದೇ ವ್ಯಕ್ತಿ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳದಂತೆ ನಾಮಸೂಚಿಯನ್ನಾದರೂ ಕೊಡಬೇಕು.

6. ಮೌನದ ಓದು

2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಇಪ್ಪತ್ತು ಮಂದಿ ಭಾರತೀಯ ಯೋಧರು ಮಡಿದರು. ಅವರ ಮುಂದಾಳು ಕರ್ನಲ್ ಸಂತೋಷ್ ಬಾಬು ತೆಲಂಗಾಣದ ಸೂರ್ಯಾಪೇಟೆಯವರು. ಭಾರತವು ಮಡಿದವರ ಹೆಸರುಗಳನ್ನು ಕೂಡಲೇ ಪ್ರಕಟಿಸಿತು. ಚೀನಾ ತನ್ನ ಕಡೆಯ ನಾಲ್ವರು ಸತ್ತರೆಂದು ಸೇನಾಪತ್ರಿಕೆಯ ಮೂಲಕ ತಿಳಿಸಿದುದು ಎಂಟು ತಿಂಗಳ ಅನಂತರ, 2021ರ ಫೆಬ್ರವರಿ 19ರಂದು. ಆ ಸಂಖ್ಯೆಯನ್ನು ಪ್ರಶ್ನಿಸಿ ಬರೆದ ಚೀನೀ ಬರಹಗಾರನೊಬ್ಬನಿಗೆ, ಹುತಾತ್ಮರ ಗೌರವಕ್ಕೆ ಚ್ಯುತಿ ತಂದ ಅಪರಾಧಕ್ಕಾಗಿ, ಅದೇ ವರ್ಷದ ಮೇ ತಿಂಗಳಲ್ಲಿ ಎಂಟು ತಿಂಗಳ ಸೆರೆವಾಸ ವಿಧಿಸಲಾಯಿತು.

ಶಾಸನದಲ್ಲಿ ಸವೆದುಹೋದ ಸಾಲು ಬೇರೆ, ಉಳಿಯಿಂದ ಕೆತ್ತಿಹಾಕಿದ ಸಾಲು ಬೇರೆ. ಶಾಸನತಜ್ಞನು ಎರಡನ್ನೂ ಗುರುತಿಸಬಲ್ಲ. ಆ ಎಂಟು ತಿಂಗಳ ಮೌನವನ್ನು ‘ಮಾಹಿತಿ ಲಭ್ಯವಿಲ್ಲ’ ಎಂದು ದಾಖಲಿಸಿದರೆ ಸಾಲದು. ಯಾವ ದಿನದವರೆಗೆ, ಯಾವ ಪತ್ರಿಕೆಯಲ್ಲಿ, ಯಾವ ಪದ ಕಾಣಿಸಿಕೊಳ್ಳಲಿಲ್ಲ ಎಂಬುದೇ ಇಲ್ಲಿನ ಸಾಕ್ಷ್ಯ. ಗಡಿಯಲ್ಲಿ ಪ್ರಾಣ ತೆತ್ತವರ ಊರುಗಳು ನಮ್ಮ ನಡುವೆಯೇ ಇರುವಾಗ, ಎದುರಿನವರ ಮಾತನ್ನೂ ಮೌನವನ್ನೂ ಇಂಗ್ಲಿಷ್ ಶೀರ್ಷಿಕೆಗಳಿಂದ ಮಾತ್ರ ತಿಳಿಯುವುದು ವಿದ್ವತ್ತಿಗೂ ಪೌರಜವಾಬ್ದಾರಿಗೂ ಸಾಲದು.

7. ಉಪಸಂಹಾರ

ಪರಿಭಾಷೆಯ ಸಮಸ್ಯೆಯನ್ನು ಹೈದರಾಬಾದು ಹಿಂದೊಮ್ಮೆ ವ್ಯವಸ್ಥಿತವಾಗಿ ಎದುರಿಸಿದೆ. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪಿತವಾಗುವುದಕ್ಕೆ ಮುನ್ನವೇ, 1917ರಲ್ಲಿ, ಇಲ್ಲಿ ಅನುವಾದ ವಿಭಾಗವೊಂದು ಏರ್ಪಟ್ಟಿತ್ತು. ವಿಷಯತಜ್ಞರೂ ಭಾಷಾತಜ್ಞರೂ ಒಟ್ಟಿಗೆ ಕುಳಿತು ಪದಗಳನ್ನು ನಿರ್ಣಯಿಸಿದರು. ಪದರಚನೆಯ ತತ್ತ್ವಗಳನ್ನು ಕುರಿತು ವಹೀದುದ್ದೀನ್ ಸಲೀಮ್ ಅವರು ರಚಿಸಿದ ಉರ್ದು ಗ್ರಂಥ 1921ರಲ್ಲಿ ಪ್ರಕಟವಾಯಿತು. 1948ರ ಅನಂತರ ಬೋಧನಮಾಧ್ಯಮ ಬದಲಾಯಿತಾದರೂ ಆ ವಿಧಾನ ಇಂದಿಗೂ ಅನುಸರಣೀಯ.

ಈ ನಗರದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆಯನ್ನು ಕಲಿಸುತ್ತಾರೆ. ಅದಕ್ಕೆ ತಾಗಿಕೊಂಡಿರುವ ಉಸ್ಮಾನಿಯಾದಲ್ಲಿ ಕನ್ನಡದ ಅಧ್ಯಯನವಿದೆ. ಈ ಎರಡು ಕಡೆಯವರು ಸೇರಿ ನೂರು ಪದಗಳ ಒಂದು ಕನ್ನಡ–ಚೀನೀ ರಾಜಕೀಯ ಪದಕೋಶವನ್ನು ಸಿದ್ಧಪಡಿಸುವುದು ಅಸಾಧ್ಯವಾದ ಕಾರ್ಯವೇನಲ್ಲ. ಪ್ರತಿಯೊಂದು ಪದಕ್ಕೂ ಚೀನೀ ರೂಪದ ಉಚ್ಚಾರಣೆ, ಅದು ಮೊದಲು ಬಳಕೆಯಾದ ದಾಖಲೆ, ಇಂಗ್ಲಿಷ್ ಪರ್ಯಾಯ ಬದಲಾಗಿದ್ದರೆ ಅದರ ವರ್ಷ, ಕನ್ನಡದ ಸೂಚಿತ ರೂಪ ಇಷ್ಟಿದ್ದರೆ ಸಾಕು. ದೆಹಲಿ, ವಾರಾಣಸಿ, ಚೆನ್ನೈ, ಕಾಸರಗೋಡುಗಳಲ್ಲಿರುವ ಸಂಶೋಧಕರು ತಾವು ಕಂಡ ಪದಗಳನ್ನೂ ಅವುಗಳ ಸಂದರ್ಭಗಳನ್ನೂ ಈ ಪತ್ರಿಕೆಗೆ ಕಳುಹಿಸಿಕೊಡಬೇಕೆಂದು ಕೋರುತ್ತೇವೆ.