ಗಾಡಿಯನ್ನು ದಣಿಸುವವರು

ಕಂಬಿ ಕಟ್ಟುವ ತಂತಿಯನ್ನು ಎಷ್ಟು ಜಗ್ಗಿದರೂ ಕೈಯಲ್ಲಿ ತುಂಡಾಗುವುದಿಲ್ಲ. ಅದನ್ನೇ ಹಿಂದಕ್ಕೂ ಮುಂದಕ್ಕೂ ಹತ್ತಾರು ಸಲ ಬಗ್ಗಿಸಿ, ಪಟ್ಟನೆ ಮುರಿಯುತ್ತದೆ. ಕಾರು, ಲಾರಿಗಳ ಉಕ್ಕು ಸೋಲುವುದೂ ಹೆಚ್ಚಾಗಿ ಹೀಗೆಯೇ. ಒಂದು ದೊಡ್ಡ ಏಟಿಗೆ ಬಗ್ಗದ್ದು ಲಕ್ಷಗಟ್ಟಲೆ ಸಣ್ಣ ಕುಲುಕಾಟಕ್ಕೆ ದಣಿದು ಬಿರಿಯುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲಿನ ಅಚ್ಚುಗಳನ್ನು ಮತ್ತೆ ಮತ್ತೆ ಬಗ್ಗಿಸಿ ಮುರಿದು ಈ ದಣಿವಿನ ಲೆಕ್ಕ ಹಿಡಿದ. ವಾಹನ ಪರೀಕ್ಷಾ ಎಂಜಿನಿಯರ್ ಮಾಡುವ ಕೆಲಸ ಅಲ್ಲಿಂದಲೇ ಹರಿದುಬಂದದ್ದು. ನಮ್ಮ ಮನೆಯ ಗಾಡಿ ಹತ್ತು ಹದಿನೈದು ವರ್ಷದಲ್ಲಿ ಪಡುವ ಪಾಡನ್ನೆಲ್ಲ ಇವರು ಮಾದರಿ ಗಾಡಿಗೆ ಕೆಲವೇ ತಿಂಗಳಲ್ಲಿ ಪಡಿಸುತ್ತಾರೆ.

ಉಕ್ಕಿನ ಸ್ವಭಾವವೇ ಇದಕ್ಕೆ ದಾರಿ ಮಾಡಿಕೊಡುತ್ತದೆ. ಮೇಲೆ ಬೀಳುವ ಒತ್ತಡ ಇಮ್ಮಡಿಯಾದರೆ ಆಯುಸ್ಸು ಅರ್ಧಕ್ಕೆ ನಿಲ್ಲುವುದಿಲ್ಲ. ಅನೇಕ ಸಲ ಹದಿನಾರರಲ್ಲಿ ಒಂದು ಪಾಲಿಗೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಜಾರುತ್ತದೆ. ಹಾಗಾಗಿ ಬೆಲ್ಜಿಯಂನ ಹಳೆಯ ಕಲ್ಲುಹಾಸಿನ ಬೀದಿಗಳಂತೆ ಕಟ್ಟಿದ ಪಥದಲ್ಲಿ ಸ್ವಲ್ಪ ದೂರ ಓಡಿದರೆ ಸಾಕು, ಹೆದ್ದಾರಿಯ ಎಷ್ಟೋ ಪಟ್ಟು ದೂರದ ಸವೆತ ಮೈಗೂಡಿರುತ್ತದೆ. ಆದರೆ ಸಿಕ್ಕಾಪಟ್ಟೆ ಕುಕ್ಕಿಸಿಬಿಟ್ಟರೂ ಆಗದು. ನಿಜದ ರಸ್ತೆಯಲ್ಲಿ ಎಂದೂ ಮುರಿಯದ ಜಾಗ ಇಲ್ಲಿ ಮುರಿದರೆ ಆ ಪರೀಕ್ಷೆಯೇ ಸುಳ್ಳು. ಎಷ್ಟು ದಣಿಸಬೇಕು ಎಂಬ ಈ ಅಂದಾಜಿನಲ್ಲೇ ಕಸುಬಿನ ಹೆಚ್ಚುಗಾರಿಕೆ ಇರುವುದು ಎಂದು ನನ್ನ ನಂಬಿಕೆ.

ಅದಕ್ಕೇ ಮೊದಲು ನಿಜದ ರಸ್ತೆಯನ್ನು ಅಳೆದು ತರಬೇಕು. ಘಾಟಿಯ ತಿರುವು, ಊರ ಬಾಗಿಲ ಹಂಪು, ಮಳೆಗಾಲದ ಗುಂಡಿ ಎಲ್ಲವೂ ಅಂಕಿಗಳಾಗಿ ಬರಬೇಕು. ಅಳೆಯುವುದು ಸ್ಟ್ರೇನ್ ಗೇಜ್ ಎಂಬ, ಬೆರಳ ತುದಿಯಲ್ಲಿ ಕೂರುವ ತೆಳು ಹಾಳೆ. ಅದನ್ನು ಗಾಡಿಯ ಉಕ್ಕಿಗೆ ಅಂಟಿಸುವುದನ್ನು ನೋಡಬೇಕು. ಬಣ್ಣ ಕೆರೆದು, ಎಮರಿ ಕಾಗದದಿಂದ ಉಜ್ಜಿ, ಅಸಿಟೋನ್ ಹಚ್ಚಿ ಒರೆಸುತ್ತಾರೆ. ಬಟ್ಟೆಯಲ್ಲಿ ಕಪ್ಪು ಕಾಣದಾಗುವ ತನಕ ಒರೆಸುತ್ತಾರೆ. ಪೆನ್ಸಿಲ್‌ನಿಂದ ಕೂಡುಗೆರೆ ಎಳೆದು, ಗೇಜನ್ನು ಟೇಪಿನಲ್ಲಿ ಸರಿಯಾಗಿ ಕೂರಿಸಿ, ಒಂದು ಹನಿ ಅಂಟು ಬಿಟ್ಟು, ಹೆಬ್ಬೆರಳಲ್ಲಿ ನಿಮಿಷ ಹೊತ್ತು ಅದುಮಿ ಹಿಡಿಯುತ್ತಾರೆ. ಬೆರಳಿನ ಬಿಸಿಯೂ ಅಂಟನ್ನು ಹಿಡಿಸುತ್ತದೆ. ಉಕ್ಕು ಸಾವಿರದಲ್ಲೊಂದು ಪಾಲು ಹಿಗ್ಗಿದರೆ 350 ಓಮ್ ರೋಧದ ಗೇಜಿನಲ್ಲಿ ಆಗುವ ಬದಲಾವಣೆ ಸುಮಾರು 0.7 ಓಮ್. ಅಷ್ಟನ್ನು ನಂಬಬೇಕಾದರೆ ಕೈ ಅಷ್ಟು ಶುದ್ಧವಾಗಿರಬೇಕು.

ಹೀಗೆ ಬಂದ ಏರಿಳಿತಗಳನ್ನು ಎಣಿಸುವ ಕ್ರಮವೊಂದು 1968ರಲ್ಲಿ ಜಪಾನಿನಲ್ಲಿ ಹುಟ್ಟಿತು. ಪಗೋಡದ ಒಂದು ಸೂರಿನಿಂದ ಇನ್ನೊಂದಕ್ಕೆ ಮಳೆನೀರು ಇಳಿಯುವ ಚಿತ್ರ ನೆನೆದು ಅದಕ್ಕೆ 'ರೇನ್‌ಫ್ಲೋ' ಎಂದೇ ಹೆಸರಿಟ್ಟರು. ಎಣಿಕೆಗೆ ಇಂಥ ಹೆಸರು ಹೊಳೆದವರ ಮನಸ್ಸು ನನಗೆ ತುಂಬ ಇಷ್ಟ.

ಈ ಎಣಿಕೆಗೆ ತಕ್ಕಂತೆ ಗಾಡಿಯನ್ನು ಪಥದಲ್ಲಿ ಓಡಿಸುತ್ತಾರೆ. ದಿನದ ಓಟ ಮುಗಿದ ಮೇಲೆಯೇ ನಿಜವಾದ ನೋಟ ಶುರುವಾಗುವುದು. ಎಂಜಿನಿಯರ್ ಟಾರ್ಚ್ ಹಿಡಿದು ಗಾಡಿಯ ಅಡಿಗೆ ಹೋಗುತ್ತಾರೆ. ಪ್ರತಿ ನಟ್ಟಿನ ಮೇಲಿಂದ ಪಕ್ಕದ ಲೋಹಕ್ಕೆ ಬಣ್ಣದ ಒಂದೊಂದು ಗೀಟು ಮೊದಲೇ ಎಳೆದಿಟ್ಟಿರುತ್ತಾರೆ. ಗೀಟು ತಪ್ಪಿದ್ದರೆ ನಟ್ಟು ಸಡಿಲಾಗಿದೆ ಎಂದರ್ಥ. ಅನುಮಾನ ಬಂದ ಬೆಸುಗೆಗೆ ಕೆಂಪು ದ್ರವ ಹಚ್ಚಿ, ಕಾದು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿದ್ದರೆ ಅದರೊಳಗೆ ಉಳಿದ ಕೆಂಪು ನಿಧಾನವಾಗಿ ಬಿಳಿಯ ಮೇಲೆ ಏಳುತ್ತದೆ, ವಿಭೂತಿಯ ಮೇಲೆ ಎಳೆದ ಕುಂಕುಮದ ಗೆರೆಯ ಹಾಗೆ.

ಆ ಗೆರೆಯ ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುತ್ತಾರೆ. ಎಷ್ಟನೇ ಸುತ್ತು, ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳುತ್ತಾರೆ. ಮರುದಿನ ಅದೇ ಗಾಡಿ ಮತ್ತೆ ಕಲ್ಲುಹಾಸಿಗೆ ಇಳಿಯುತ್ತದೆ, ಗೆರೆ ಎಷ್ಟು ಬೆಳೆಯುತ್ತದೆ ಎಂದು ನೋಡಲು.