ಜಠರದ ಸೋಂಕು: ಯಾವ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಗ್ರಾಮಗಳಲ್ಲಿ ಆರೋಗ್ಯ ಶಿಬಿರ ನಡೆಸಲು ಸ್ಥಳಾವಕಾಶ ಕೋರಿ ಬರುವವರ ಪರೀಕ್ಷಾ ಪಟ್ಟಿಯಲ್ಲಿ ಕೆಲವೊಮ್ಮೆ ಜಠರದ ಸೋಂಕಿನ ರಕ್ತ ಪರೀಕ್ಷೆಯೂ ಇರುತ್ತದೆ. ಭಾತಂಬ್ರಾದಂತಹ ಊರಿನಲ್ಲಿ ಒಂದು ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವ ವ್ಯಕ್ತಿಗೆ, ‘ಪಾಸಿಟಿವ್’ ಎಂದು ಬರೆದ ಚೀಟಿಯೊಂದು ಎರಡು ವಾರಗಳ ಆ್ಯಂಟಿಬಯೋಟಿಕ್ ಔಷಧಕ್ಕೆ ಕಾರಣವಾಗಬಲ್ಲದು. ಆ ಚೀಟಿ ಎಷ್ಟರಮಟ್ಟಿಗೆ ನಿಜವೆಂದು ಕೇಳಬೇಕಾದವರಲ್ಲಿ ಸದಸ್ಯರಾದ ತಾವೂ ಇದ್ದೀರಿ.

ಈ ಸೋಂಕಿಗೆ ಕಾರಣವಾದ ರೋಗಾಣುವಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು 1982ರಲ್ಲಿ ಗುರುತಿಸಿದರು. ಜಠರದ ಆಮ್ಲದಲ್ಲಿ ಯಾವ ರೋಗಾಣುವೂ ಬದುಕಲಾರದೆಂದು ನಂಬಿದ್ದ ವೈದ್ಯಲೋಕ ಅವರ ಮಾತನ್ನು ಒಪ್ಪಲು ಹಿಂಜರಿದಾಗ, ಮಾರ್ಷಲ್ 1984ರಲ್ಲಿ ರೋಗಾಣುಗಳಿದ್ದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಅಲ್ಸರಿನ ದೂರು ಮಾತ್ರ ಇಂದಿಗೂ ಮೊದಲು ಮೆಣಸಿನಕಾಯಿಯ ಮೇಲೆಯೇ ಬೀಳುತ್ತದೆ! ಸೋಂಕಿರುವ ಬಹುಪಾಲು ಜನರಿಗೆ ಯಾವ ತೊಂದರೆಯೂ ಕಾಣಿಸದು. ಕೆಲವರಿಗೆ ಹುಣ್ಣು, ಅತಿ ಕೆಲವರಿಗೆ ಜಠರದ ಕ್ಯಾನ್ಸರ್ ಉಂಟಾಗಬಹುದು.

ಎಂಡೋಸ್ಕೋಪಿ ಇಲ್ಲದೆ ಸೋಂಕನ್ನು ಪತ್ತೆಹಚ್ಚುವ ವಿಧಾನಗಳು ಮುಖ್ಯವಾಗಿ ಮೂರು. ರೋಗಾಣು ಯೂರಿಯಾವನ್ನು ಒಡೆಯುವ ಗುಣವುಳ್ಳದ್ದು. ಗುರುತು ಹಚ್ಚಿದ ಇಂಗಾಲವಿರುವ ಯೂರಿಯಾವನ್ನು ಕುಡಿಸಿ, ಆ ಇಂಗಾಲ ಉಸಿರಿನಲ್ಲಿ ಹೊರಬರುವುದೇ ಎಂದು ಅಳೆಯುವುದು ಉಸಿರಿನ ಪರೀಕ್ಷೆ. ಮಲ ಪರೀಕ್ಷೆಯು ರೋಗಾಣುವಿನ ಅಂಶವನ್ನೇ ಹುಡುಕುತ್ತದೆ. ರಕ್ತ ಪರೀಕ್ಷೆಯಾದರೋ, ರೋಗಾಣುವಿನ ವಿರುದ್ಧ ದೇಹವು ಸಿದ್ಧಪಡಿಸಿದ ಪ್ರತಿಕಾಯವನ್ನು ಹುಡುಕುತ್ತದೆ.

ಕಾಕ್ರೇನ್ ಸಂಸ್ಥೆಯು 2018ರಲ್ಲಿ 101 ಅಧ್ಯಯನಗಳನ್ನು ಒಟ್ಟುಗೂಡಿಸಿ ಈ ಪರೀಕ್ಷೆಗಳನ್ನು ಹೋಲಿಸಿತು. ಸೋಂಕಿಲ್ಲದ 100 ಜನರಲ್ಲಿ 10 ಮಂದಿಗೆ ತಪ್ಪಾಗಿ ‘ಇದೆ’ ಎಂದು ಬರುವ ಒಂದೇ ಮಟ್ಟಕ್ಕೆ ಎಲ್ಲವನ್ನೂ ತಂದು ನೋಡಿದಾಗ, ಸೋಂಕಿರುವ 100 ಜನರಲ್ಲಿ ಉಸಿರಿನ ಪರೀಕ್ಷೆ ವಿಧಾನಕ್ಕೆ ತಕ್ಕಂತೆ 92ರಿಂದ 94, ರಕ್ತ ಪರೀಕ್ಷೆ 84, ಮಲ ಪರೀಕ್ಷೆ 83 ಮಂದಿಯನ್ನು ಗುರುತಿಸಿದವು. ಈ ಅಂಕಿಗಳನ್ನಷ್ಟೇ ನೋಡಿದರೆ ರಕ್ತಕ್ಕೂ ಮಲಕ್ಕೂ ಅಂತರವೇ ಇಲ್ಲವೆನಿಸಬಹುದು. ಆದರೆ ರೋಗಾಣು ನಾಶವಾದ ಮೇಲೂ ಪ್ರತಿಕಾಯಗಳು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ಹೋದ ವರ್ಷ ಔಷಧ ಪಡೆದು ಗುಣಮುಖರಾದವರಿಗೂ ಶಿಬಿರದಲ್ಲಿ ‘ಪಾಸಿಟಿವ್’ ಚೀಟಿ ದೊರೆಯಬಹುದು. ಅದನ್ನು ನಂಬಿ ಮತ್ತೆ ಔಷಧ ನೀಡಿದರೆ ಹಣ ವ್ಯರ್ಥ. ಅದಕ್ಕಿಂತ ಮಿಗಿಲಾಗಿ, ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಅವಕಾಶ. ಆದ್ದರಿಂದ ಸೋಂಕು ಹೋಗಿದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆ ಉಪಯೋಗಕ್ಕೆ ಬಾರದು. ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ ಉಸಿರಿನ ಅಥವಾ ಮಲದ ಪರೀಕ್ಷೆಯನ್ನೇ ಮಾಡಿಸಬೇಕು. ಉಸಿರಿನ ಪರೀಕ್ಷೆಯ ಉಪಕರಣ ಎಲ್ಲೆಡೆ ದೊರೆಯದು. ಮಲದ ಮಾದರಿಯನ್ನಾದರೆ ಮನೆಯಲ್ಲೇ ಸಂಗ್ರಹಿಸಿ ಪ್ರಯೋಗಾಲಯಕ್ಕೆ ತಲುಪಿಸಬಹುದು. ಗ್ರಾಮೀಣ ಭಾಗಕ್ಕೆ ಇದೇ ಹೆಚ್ಚು ಸೂಕ್ತವೆಂದು ತೋರುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮೆಡಿಕಲ್ ಅಂಗಡಿಯಿಂದ ‘ಗ್ಯಾಸ್ ಮಾತ್ರೆ’ ಎಂದು ತರುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು ರೋಗಾಣುವನ್ನು ತಾತ್ಕಾಲಿಕವಾಗಿ ಅಡಗಿಸುತ್ತವೆ. ಆಗ ಉಸಿರಿನ, ಮಲದ ಪರೀಕ್ಷೆಗಳು, ಎಂಡೋಸ್ಕೋಪಿಯಲ್ಲಿ ತೆಗೆದ ತುಣುಕಿನ ಪರೀಕ್ಷೆಯೂ ಸೇರಿದಂತೆ, ಸೋಂಕಿದ್ದರೂ ‘ಇಲ್ಲ’ ಎನ್ನಬಹುದು. ಈ ಮಾತ್ರೆಗಳನ್ನು ಪರೀಕ್ಷೆಗೆ ಎರಡು ವಾರ ಮೊದಲು, ಆ್ಯಂಟಿಬಯೋಟಿಕ್‌ಗಳನ್ನು ನಾಲ್ಕು ವಾರ ಮೊದಲು ನಿಲ್ಲಿಸಿರಬೇಕು. ನಿಲ್ಲಿಸುವುದು ವೈದ್ಯರ ಸಲಹೆಯ ಮೇರೆಗೇ ಆಗಬೇಕು.

ಕಪ್ಪು ಬಣ್ಣದ ಮಲ, ರಕ್ತವಾಂತಿ, ನುಂಗಲು ತೊಂದರೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡುಬಂದವರು ಶಿಬಿರಕ್ಕಾಗಿ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅವರಿಗೆ ಬೇಕಾದದ್ದು ಎಂಡೋಸ್ಕೋಪಿ. ಮೈಕೈ ನೋವಿಗೆಂದು ದಿನವೂ ಮಾತ್ರೆ ನುಂಗುವವರಲ್ಲಿ ಆ ಮಾತ್ರೆಯಿಂದಲೇ ಹುಣ್ಣಾಗಿರುವ ಸಾಧ್ಯತೆಯೂ ಇದೆ.

ಶಿಬಿರಕ್ಕೆ ಸ್ಥಳ ನೀಡುವ ಮುನ್ನ, ಯಾವ ಮಾದರಿಯಿಂದ ಪರೀಕ್ಷೆ ನಡೆಯುವುದು ಮತ್ತು ‘ಪಾಸಿಟಿವ್’ ಬಂದವರನ್ನು ಮುಂದೆ ಯಾರು ನೋಡಿಕೊಳ್ಳುವರು ಎಂಬುದನ್ನು ಲಿಖಿತವಾಗಿ ಪಡೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳ ಅಭಿಪ್ರಾಯ ಕೇಳುವುದು ಸೂಕ್ತ. ಪರೀಕ್ಷೆಗೆ ಬರುವವರು ಕೊನೆಯ ಬಾರಿ ಗ್ಯಾಸ್ ಮಾತ್ರೆ ಸೇವಿಸಿದ ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಂಡು ಬರುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಮುಂಚಿತವಾಗಿ ತಿಳಿಸಬಹುದು.