ಎಳೆಯರ ಬಾಸ್ಕೆಟ್‌ಬಾಲ್ ಮತ್ತು ರಿಂಗಿನ ಎತ್ತರ

ಕದಂಬ ಶಿವಚಿತ್ತನ ರಾಣಿ ಕಮಲಾದೇವಿಯು 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯದಿಂದ ನಾಡಿಗೆ ಪರಿಚಿತವಾದ, ಕಿತ್ತೂರಿಗೆ ಸಮೀಪದ ದೇಗಾಂವದ ಸೀಮೆಯಲ್ಲಿ ಮಕ್ಕಳನ್ನು ಗುರುವಿನ ಕೈಗೊಪ್ಪಿಸಿ ಮೈ ಪಳಗಿಸುವುದು ಹೊಸ ಸಂಗತಿಯೇನೂ ಅಲ್ಲ. ಗರಡಿಮನೆಗೆ ಬಂದ ಹುಡುಗನನ್ನು ವಸ್ತಾದನು ಮೊದಲ ದಿನವೇ ಜೋಡಿಗೆ ಬಿಡುತ್ತಿರಲಿಲ್ಲ. ಸಾಮು ಬೈಠಕ್ಕುಗಳಿಂದ ದೇಹವು ಹದಗೊಂಡ ತರುವಾಯವೇ, ಅದೂ ಅವನಿಗೆ ಸರಿದೂಗುವ ಜೊತೆಗಾರನೊಡನೆಯೇ ಕುಸ್ತಿ. ಎಳೆಯ ಮಕ್ಕಳನ್ನು ಬಾಸ್ಕೆಟ್‌ಬಾಲ್ ಕ್ಲಬ್ಬಿಗೆ ಸೇರಿಸಬಯಸುವ ತಂದೆತಾಯಿಗಳಿಗೆ ಇಂದು ಬೇಕಾಗಿರುವುದೂ ಈ ವಿವೇಕವೇ.

ಈ ಆಟದ ರಿಂಗು ನೆಲದಿಂದ 10 ಅಡಿ, ಎಂದರೆ 3.05 ಮೀಟರ್ ಎತ್ತರದಲ್ಲಿರುವುದಕ್ಕೆ ಶಾಸ್ತ್ರೀಯ ಕಾರಣವೇನೂ ಇಲ್ಲ. 1891ರ ಡಿಸೆಂಬರದಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಅಧ್ಯಾಪಕನಾದ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿಯೇ ಆಡಬಹುದಾದ, ಒಬ್ಬರನ್ನೊಬ್ಬರು ಕೆಡವಬೇಕಿಲ್ಲದ ಆಟವೊಂದನ್ನು ರೂಪಿಸಲು ಹೊರಟು, ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ವ್ಯಾಯಾಮಶಾಲೆಯ ಮೊಗಸಾಲೆಯ ಕಟಕಟೆಗೆ ಬಿಗಿಸಿದನು. ಆ ಕಟಕಟೆಯು 10 ಅಡಿ ಎತ್ತರದಲ್ಲಿದ್ದಿತು, ಅದೇ ನಿಯಮವಾಗಿ ನಿಂತಿತು. ಅಂದು ಆಡಿದವರು ಬೆಳೆದ ತರುಣರು. ಆ ಎತ್ತರವನ್ನು 7 ವರ್ಷದ ಮಗುವಿನ ಮೇಲೆ ಹೇರಿದರೆ, ಅದು ಭಾರವಾದ ಚೆಂಡನ್ನು ಸೊಂಟದಿಂದ ಮೇಲಕ್ಕೆಸೆಯುವ ದುರಭ್ಯಾಸವನ್ನು ಕಲಿಯುವುದಲ್ಲದೆ, ಚೆಂಡು ರಿಂಗನ್ನೇ ಮುಟ್ಟದಿರುವುದನ್ನು ಕಂಡು ಉತ್ಸಾಹವನ್ನೂ ಕಳೆದುಕೊಳ್ಳುತ್ತದೆ.

ಇದಕ್ಕೆ ಪರಿಹಾರ ಎಂದೋ ದೊರೆತಿದೆ. 1950ರಲ್ಲಿ ಪೆನ್ಸಿಲ್ವೇನಿಯದ ಸ್ಕ್ರಾಂಟನ್ ಎಂಬಲ್ಲಿ ಜೇ ಆರ್ಚರ್ ಎಂಬಾತನು ಮಕ್ಕಳ ಅಳತೆಗೆ ಆಟವನ್ನು ಕುಗ್ಗಿಸಿದನು. ಅದರಿಂದ ಬೆಳೆದ ಮಿನಿ ಬಾಸ್ಕೆಟ್‌ಬಾಲ್ 12 ವರ್ಷದೊಳಗಿನವರಿಗಾಗಿ ರಿಂಗನ್ನು 2.60 ಮೀಟರಿಗೆ ಇಳಿಸಿ, ಸುಮಾರು ಅರ್ಧ ಕಿಲೋ ತೂಗುವ 5ನೆಯ ಅಳತೆಯ ಚೆಂಡನ್ನು ಕೊಡುತ್ತದೆ.

ಆದುದರಿಂದ ಕ್ಲಬ್ಬಿನ ಹೊಸ್ತಿಲಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಅದು ಗೆದ್ದ ಕಪ್ಪುಗಳೆಷ್ಟೆಂಬುದಲ್ಲ, ಚಿಕ್ಕವರಿಗೆ ತಗ್ಗಿದ ರಿಂಗೂ ಚಿಕ್ಕ ಚೆಂಡೂ ಉಂಟೇ ಎಂಬುದು. ಹಣ ಕಟ್ಟುವ ಮೊದಲು ಒಂದು ಸಂಜೆ ಅಭ್ಯಾಸವನ್ನು ನೋಡಿರಿ: ಪ್ರತಿ ಮಗುವಿನ ಕೈಗೂ ಚೆಂಡು ಬರುತ್ತಿದೆಯೇ, ಅಥವಾ ಎತ್ತರದ ನಾಲ್ವರು ಆಡಿ ಉಳಿದವರು ಸಾಲಿನಲ್ಲಿ ನಿಂತಿರುವರೇ? ಎಡಗೈಯಿಂದಲೂ ಡ್ರಿಬಲ್ ಮಾಡಿಸುವ, ಓಡಿ ಥಟ್ಟನೆ ನಿಲ್ಲುವುದನ್ನು ಕಲಿಸುವ, ತಪ್ಪಿದ ಮಗುವನ್ನು ಗದರದೆ ತಿದ್ದುವ ಕೋಚ್ ದೊರೆತರೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಹೆಣ್ಣುಮಕ್ಕಳನ್ನು ಹಿಂದುಳಿಸುವ ಕ್ಲಬ್ಬನ್ನು ನಾನಂತೂ ಒಪ್ಪಲಾರೆ. 2017ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ಪಿನ ಬಿ ವಿಭಾಗವನ್ನು ಗೆದ್ದುದು ನಮ್ಮ ನಾಡಿನ ನೆಲದ ಮೇಲೆಯೇ.

ದೇಗಾಂವದ ಮಗುವನ್ನು ಹೆದ್ದಾರಿ ಹಿಡಿದು ದಿನವೂ ಧಾರವಾಡಕ್ಕೋ ಬೆಳಗಾವಿಗೋ ಕರೆದೊಯ್ಯುವುದು ಒಕ್ಕಲುತನದ ಮನೆಗೆ ಸಾಧ್ಯವಾಗದು. ಹಾಗೆಂದು ಕೈಚೆಲ್ಲಬೇಕಾಗಿಯೂ ಇಲ್ಲ. 2015ರಲ್ಲಿ ಎನ್.ಬಿ.ಎ. ತಂಡವೊಂದು ಆಯ್ದುಕೊಂಡ ಮೊದಲ ಭಾರತೀಯ ಸತ್ನಾಮ್ ಸಿಂಗ್ ಪಂಜಾಬಿನ ಹಳ್ಳಿಯ ರೈತನ ಮಗನು. ಊರ ಶಾಲೆಯ ಬಯಲಿನಲ್ಲಿ ಗಟ್ಟಿನೆಲವೂ ಕಂಬವೂ ಇದ್ದರೆ ಆರಂಭಕ್ಕೆ ಸಾಕು. ಶಾಲಾಭಿವೃದ್ಧಿ ಸಮಿತಿಯವರೂ ಪಂಚಾಯತಿಯ ಹಿರಿಯರೂ ಈ ಬೇಸಿಗೆಯ ರಜೆಯೊಳಗಾಗಿ ಅಂತಹ ಕಂಬವೊಂದನ್ನು ನೆಡಿಸಿ, ಅದಕ್ಕೆ 2.60 ಮೀಟರ್ ಎತ್ತರದಲ್ಲಿಯೇ ರಿಂಗನ್ನು ಕೂಡಿಸಬೇಕೆಂದು ನನ್ನ ವಿನಂತಿ.